ವಾರಕ್ಕೊಂದು ಕೀರ್ತನೆ

ಸತ್ಯವೇದ ಅಂದರೆ ನಮ್ಮ ಬೈಬಲ್‌ನಲ್ಲಿ 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಈ ಲೆಕ್ಕ ಹಾಕಿಕೊಂಡು ಮೂರು ಸಲ ಜನವರಿ ಒಂದಕ್ಕೆ ಶುರು ಮಾಡಿದ್ದೆ. ಆದಿಕಾಂಡದ ಕಥೆಗಳು ತಾವೇ ಓದಿಸಿಕೊಂಡು ಹೋಗುತ್ತವೆ. ವಿಮೋಚನಕಾಂಡದಲ್ಲಿ ಗುಡಾರದ ಅಳತೆ ಬಂದಾಗ ಆಕಳಿಕೆ. ಯಾಜಕಕಾಂಡದ ಕುಷ್ಠರೋಗದ ಅಧ್ಯಾಯಕ್ಕೆ ಬರುವಷ್ಟರಲ್ಲಿ ಫೆಬ್ರವರಿ, ಮೂರು ಸಲವೂ ಗಾಡಿ ನಿಂತದ್ದು ಅಲ್ಲೇ. ಬೆಳಿಗ್ಗೆ ಏನು ಓದಿದೆ ಎಂದು ಸಂಜೆ ಯಾರಾದರೂ ಕೇಳಿದ್ದರೆ ನನ್ನ ಬಳಿ ಟಿಕ್ ಹಾಕಿದ ಪಟ್ಟಿಯೊಂದೇ ಇರುತ್ತಿತ್ತು.

ನಮ್ಮ ಅಜ್ಜಿಗೆ ಪಟ್ಟಿ ಗಿಟ್ಟಿ ಏನೂ ಇರಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತಾ, ಸತ್ಯವೇದದೊಳಗಿನ ಹಾಡುಗಳಾದ ಕೀರ್ತನೆಗಳಲ್ಲಿ ಒಂದನ್ನೇ ದಿನಗಟ್ಟಲೆ ಗುನುಗುತ್ತಿದ್ದರು. ಅದು ಓದು ಎಂದು ನನಗೆ ಆಗ ಅನ್ನಿಸಿರಲೇ ಇಲ್ಲ. ಎಷ್ಟೋ ವರ್ಷದ ಮೇಲೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಒಂದು ಪಾಠದಲ್ಲಿ ಹೇಳಿದರು: ಮೊದಲನೆಯ ಕೀರ್ತನೆಯಲ್ಲಿ 'ಧ್ಯಾನಿಸು' ಎಂದಿರುವ ಕಡೆ ಹೀಬ್ರೂವಿನಲ್ಲಿ 'ಹಾಗಾ' ಎಂಬ ಪದವಿದೆ, ಅಂದರೆ ಬಾಯಲ್ಲೇ ಗೊಣಗಿಕೊಳ್ಳುವುದು. ಯೆಶಾಯನ ಗ್ರಂಥದಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಗುರುಗುಟ್ಟುವುದಕ್ಕೂ ಅದೇ ಪದ. ನನಗೆ ತಟ್ಟನೆ ಕಂಡದ್ದು ಅಜ್ಜಿಯ ಮೊರ.

ಅಂದಿನಿಂದ ವಾರಕ್ಕೊಂದೇ ಕೀರ್ತನೆ. ಸೋಮವಾರ ಗಟ್ಟಿಯಾಗಿ ಓದುತ್ತೇನೆ, ಮಂಗಳವಾರ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳುತ್ತೇನೆ. ಉಳಿದ ದಿನ ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ನೆನಪಿದ್ದಷ್ಟು. 119ನೆಯದರಲ್ಲಿ 176 ವಚನ. ಅದಕ್ಕೆ ಮಾತ್ರ ಐದು ವಾರ ಹಿಡಿಯಿತು.

ಬರೆಯುವಾಗ ಅಂಚಿನಲ್ಲಿ ಪ್ರಶ್ನೆಗಳನ್ನೂ ಗುರುತು ಹಾಕುತ್ತೇನೆ. ಈ ಅಭ್ಯಾಸಕ್ಕೆ ಮೊದಲು ಹೆದರಿಕೆಯಿತ್ತು. ಪ್ರಾರ್ಥನಾಕೂಟವೊಂದರಲ್ಲಿ ಹಿರಿಯರೊಬ್ಬರು "ಅಷ್ಟೆಲ್ಲ ಯೋಚನೆ ಮಾಡಬಾರದಮ್ಮ, ನಂಬಬೇಕು" ಎಂದದ್ದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅದನ್ನು ಎಬ್ಬಿಸಿದ್ದು ಒಂದು ಸಣ್ಣ ಹೋಲಿಕೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ದೇವರನ್ನು ಹೃದಯ, ಪ್ರಾಣ, ಶಕ್ತಿಯಿಂದ ಪ್ರೀತಿಸು ಎಂದಿದೆ. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸು ಅದೇ ಆಜ್ಞೆಯನ್ನು ಹೇಳುವಾಗ ಬುದ್ಧಿಯೂ ಸೇರಿಕೊಂಡಿದೆ. ಹಾಗಿದ್ದ ಮೇಲೆ ಬುದ್ಧಿಯನ್ನು ಚಪ್ಪಲಿಯ ಜೊತೆ ಗುಡಿಯ ಹೊರಗೆ ಬಿಡುವುದು ಹೇಗೆ?

'ಮಾನಸಾಂತರ' ಎಂಬ ಮಾತೂ ಹಾಗೆಯೇ ತೆರೆದುಕೊಂಡಿತು. ಉಜ್ಜೀವನ ಕೂಟಗಳಲ್ಲಿ ಕೇಳಿ ಕೇಳಿ ಅದೆಂದರೆ ಕಣ್ಣೀರು ಸುರಿಸುವುದು ಎಂದುಕೊಂಡಿದ್ದೆ. ಅದರ ಮೂಲವಾದ ಗ್ರೀಕಿನ 'ಮೆತನೋಯ'ದೊಳಗೆ ಇರುವುದು ಮನಸ್ಸು, ಅದರ ಬದಲಾವಣೆ. ನಮ್ಮ ಕನ್ನಡದ ಪದವೂ ರೂಪಾಂತರ, ಭಾಷಾಂತರಗಳ ಸಾಲಿನದೇ. (ಮತಾಂತರದ ಸುದ್ದಿ ಪೇಪರಿಗೆ ಬೇಕು, ಇದು ಯಾರಿಗೂ ಬೇಡ.) ಕಣ್ಣೀರು ಒಂದು ರಾತ್ರಿಗೆ ಮುಗಿಯುತ್ತದೆ. ಓರಗಿತ್ತಿಯ ಬಗ್ಗೆ ದಿನಾ ಏಳುವ ಹೊಟ್ಟೆಕಿಚ್ಚು ಬೇರೆ ರೂಪಕ್ಕೆ ಬರಲು ನನಗೆ ವರ್ಷಗಳೇ ಹಿಡಿದಿವೆ, ಇನ್ನೂ ಪೂರ್ತಿ ಬಂದಿಲ್ಲ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸರದಿಯಂತೆ ಬಂದದ್ದು 88ನೆಯ ಕೀರ್ತನೆ. ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಹೇಗೋ ಸ್ತುತಿಯತ್ತ ಹೊರಳುತ್ತವೆ. ಇದು ಹೊರಳುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ನೋಡಲು ಬಂದವರು "ಎಲ್ಲಾ ಒಳ್ಳೇದಾಗುತ್ತೆ, ವಿಶ್ವಾಸ ಇಡಿ" ಎನ್ನುತ್ತಿದ್ದರು. ಅವರ ಪ್ರೀತಿ ನಿಜ, ಆದರೆ ಮಾತು ಒಳಗಿಳಿಯುತ್ತಿರಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನಾನು ಗುನುಗಿದ್ದು ಆ ಕತ್ತಲೆಯ ಕೀರ್ತನೆಯನ್ನೇ. ಇಂಥ ಗೋಳನ್ನೂ ಪ್ರಾರ್ಥನೆ ಎಂದು ಸತ್ಯವೇದದೊಳಗೆ ಇಟ್ಟಿದ್ದಾರಲ್ಲ ಎಂಬುದೇ ಆ ವಾರ ನನ್ನನ್ನು ಹಿಡಿದು ನಿಲ್ಲಿಸಿತು. ಅಪ್ಪ ಮನೆಗೆ ಬರಲಿಲ್ಲ.

ಒಂದು ಸುತ್ತು ಮುಗಿಯಲು ಸುಮಾರು ಮೂರು ವರ್ಷ ಬೇಕು. ನನ್ನದು ಈಗ ಎರಡನೆಯ ಸುತ್ತು, ಈ ವಾರ 137. ಬಾಬೆಲಿನ ನದಿಗಳ ಬಳಿ ಕೂತು ಅತ್ತವರ ಹಾಡು, ಒಟ್ಟು ಒಂಬತ್ತು ವಚನ. ಕೊನೆಯದರಲ್ಲಿ ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿದೆ. ಹೋದ ಸುತ್ತಿನಲ್ಲಿ ಅದರ ಅಂಚಿಗೆ ಹಾಕಿದ್ದ ಪ್ರಶ್ನೆ ಹಾಗೆಯೇ ಇದೆ. ಸೋಮವಾರ ಎಂಟು ವಚನ ಗಟ್ಟಿಯಾಗಿ ಓದಿದೆ, ಮಂಗಳವಾರ ಎಂಟನ್ನೇ ಬರೆದೆ. ಇವತ್ತು ಗುರುವಾರ.