ಸರ್ಬಿಯನ್ ದಾರಿಮಾತು ನಾನು ಕಲಿತದ್ದು ಹೀಗೆ

ಕೆಲಸಕ್ಕೆಂದು ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಬಂದಾಗ ಭಾಷೆ ಕಲಿಯೋಕೆ ಬಸ್ ನಿಲ್ದಾಣದ ಬೋರ್ಡುಗಳಿಂದಲೇ ಶುರು ಮಾಡಿದೆ. ದಿನಾ ಓಡಾಡಲೇಬೇಕಲ್ವಾ, ಕಣ್ಣಿಗೆ ಬಿದ್ದದ್ದೇ ಪಾಠ.

ಸರ್ಬಿಯನ್ ಬರೆಯೋ ಸಿರಿಲಿಕ್ ಲಿಪಿಯಲ್ಲಿ ಇರೋದು 30 ಅಕ್ಷರ. ಬರೆದ ಹಾಗೇ ಓದಬೇಕು. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ‘ರ’, ‘ಎಚ್’ನಂತೆ ಕಾಣುವುದು ‘ನ’. ಇಷ್ಟು ಹಿಡಿದರೆ ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ‘ಪೆರೊನ್’ ಅಂತ ಸಲೀಸಾಗಿ ಓದಬಹುದು. ಪದಗಳನ್ನು ಕನ್ನಡದಲ್ಲೇ ಬರೆದುಕೊಂಡೆ. ಚೌಕಕ್ಕೆ ‘ತೃಗ್’, ನಾಲ್ಕು ರಸ್ತೆ ಕೂಡುವ ಜಾಗಕ್ಕೆ ‘ರಾಸ್ಕೃಸ್ನಿತ್ಸಾ’. ಸ್ವರವಿಲ್ಲದೆ ನಿಲ್ಲುವ ಆ ‘ರ್’ ಸದ್ದಿಗೆ ನಮ್ಮ ವಟ್ರಸುಳಿ ಎಷ್ಟು ಚೆನ್ನಾಗಿ ಹೊಂದುತ್ತೆ!

ಜಾಸ್ತಿ ಸಮಯ ಕೊಟ್ಟದ್ದು ಪದದ ಕೊನೆಗೆ. ನಿಶ್ ಅನ್ನೋ ಊರನ್ನೇ ನೋಡಿ. ‘ಉ ನಿಶ್’ ಅಂದರೆ ನಿಶ್‌ಗೆ, ‘ಉ ನಿಶು’ ನಿಶ್‌ನಲ್ಲಿ, ‘ಇಜ್ ನಿಶಾ’ ನಿಶ್‌ನಿಂದ. ವಿಭಕ್ತಿ ನಮಗೆ ಹೊಸದಲ್ಲ, ಹಾಗಾಗಿ ಪಟ್ಟಿ ಉರುಹೊಡೆಯದೆ ಇಡೀ ವಾಕ್ಯವನ್ನೇ ಬಾಯಿಪಾಠ ಮಾಡಿದೆ. ಟಿಕೆಟ್ ಕೌಂಟರಿನಲ್ಲಿ, “ಯೆದ್ನು ಕಾರ್ತು ದೊ ನೊವೊಗ್ ಸಾದಾ, ಮೊಲಿಮ್.” ನೋವಿಸಾದ್‌ಗೆ ಒಂದು ಟಿಕೆಟ್ ಕೊಡಿ ಅಂತ. ಒಳಗಿನಿಂದ “ಪೊವ್ರಾತ್ನಾ?” ಅಂತ ಕೇಳಿದರೆ ಹೋಗಿಬರೋದಕ್ಕಾ ಅಂತ. ಪ್ರಶ್ನೆಯ ಜೊತೆ ಅದಕ್ಕೆ ಬರೋ ಮರುಪ್ರಶ್ನೆಯನ್ನೂ ಕಲಿತಿಟ್ಟುಕೊಳ್ಳಿ, ಇಲ್ಲದಿದ್ದರೆ ಮಾತು ಅಲ್ಲೇ ನಿಲ್ಲುತ್ತೆ.

ದಾರಿ ಗೊತ್ತಿದ್ದರೂ ಕೇಳುತ್ತಿದ್ದೆ. “ಇಜ್ವಿನಿತೆ, ಗ್ದೆ ಯೆ ಸ್ತಾನಿತ್ಸಾ?” ನಿಲ್ದಾಣ ಎಲ್ಲಿ ಅಂತ. ವಯಸ್ಸಾದವರು ಕೈಸನ್ನೆ ಮಾಡಿ, ನಿಧಾನವಾಗಿ ಹೇಳೋರು: “ಪ್ರಾವೊ, ಪಾ ನಾ ಸೆಮಾಫೊರು ಲೆವೊ.” ನೇರ ಹೋಗಿ, ಸಿಗ್ನಲ್ಲಲ್ಲಿ ಎಡಕ್ಕೆ. ಬಲಕ್ಕೆ ‘ದೆಸ್ನೊ’. ಕೈ ತೋರಿದ ದಿಕ್ಕಿನ ಜೊತೆ ಕೇಳಿದ ಪದ ಮರೆಯೋದಿಲ್ಲ.

ಹೆದ್ದಾರಿಯ ಪದಗಳು ಸುಲಭ. ‘ಔತೊಪುತ್’ ಹೆದ್ದಾರಿ, ‘ಪುತಾರಿನಾ’ ಟೋಲ್, ‘ಪುಂಪಾ’ ಪೆಟ್ರೋಲ್ ಬಂಕ್. ‘ರಾದೊವಿ ನಾ ಪುತು’ ಅಂತ ಕಂಡರೆ ಮುಂದೆ ರಸ್ತೆ ಕೆಲಸ ನಡೀತಿದೆ, ನಿಧಾನಿಸಿ.

ತುಂಬಿದ ಬಸ್ಸಿನಲ್ಲಿ ಹಿಂದಿನವರು “ಸಿಲಾಜಿತೆ?” ಅಂತಾರೆ, ಇಳೀತೀರಾ ಅಂತ. “ಸಿಲಾಜಿಮ್” ಅಂದರೆ ಇಳೀತೀನಿ. ಇಳಿಯೋದಿಲ್ಲ ಅಂದರೆ “ನೆ” ಅಂದು ಪಕ್ಕಕ್ಕೆ ಸರಿದರೆ ಸಾಕು.

ಈಗ ಕ್ರಿಯಾಪದಗಳಿಗೆ ಕೈ ಹಾಕಿದ್ದೇನೆ. ‘ಇಚಿ’ ಹೋಗು, ‘ದೊಚಿ’ ಬರು, ‘ಪ್ರೆಚಿ’ ದಾಟು. ಪದದ ಶುರುವಿನ ತುಣುಕು ಬದಲಾದರೆ ಅರ್ಥವೇ ಬದಲು. ಇವನ್ನೂ ಒಂಟಿಯಾಗಿ ಬರೆದುಕೊಳ್ಳೋದಿಲ್ಲ, ದಾಟು ಅನ್ನೋದನ್ನ ರಸ್ತೆಯ ಜೊತೆ, ಬರು ಅನ್ನೋದನ್ನ ಬಸ್ಸಿನ ಜೊತೆ ಸೇರಿಸಿಯೇ ಕಲೀತಿದ್ದೇನೆ.