ಪಿಸಿಒಡಿಗೆ ಗರ್ಭನಿರೋಧಕ ಮಾತ್ರೆ: ನಾನು ಕೊಡುವ ಕ್ರಮ

ಪಿಸಿಒಡಿ ಎಂದರೆ ಅಂಡಾಶಯದಲ್ಲಿ ಗಂಡು ಹಾರ್ಮೋನ್ ಹೆಚ್ಚಾಗಿ ಮುಟ್ಟು ಏರುಪೇರಾಗುವ ತೊಂದರೆ. ಅದಕ್ಕೆ ಅಕ್ಕನಿಗೆ ಒಗ್ಗಿದ ಸ್ಟ್ರಿಪ್ಪನ್ನೇ ತಂಗಿಯೂ ನುಂಗುವುದು ನಮ್ಮಲ್ಲಿ ಸಾಮಾನ್ಯ. ಯಾವ ಕಂಪನಿಯ ಮಾತ್ರೆ ಎಂಬುದು ಅಷ್ಟು ಮುಖ್ಯವಲ್ಲ. ಯಾರಿಗೆ ಕೊಡಬಾರದು ಎಂಬುದನ್ನು ಮೊದಲು ನೋಡುತ್ತೇನೆ. ಬಿಪಿ 140/90 ಮುಟ್ಟಿದ್ದರೆ, ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಲಿವರ್ ಕಾಯಿಲೆ ಜೋರಾಗಿದ್ದರೆ ಈ ಮಾತ್ರೆಯಲ್ಲಿರುವ ಈಸ್ಟ್ರೋಜೆನ್ (ಹೆಣ್ಣು ಹಾರ್ಮೋನ್) ಬೇಡ. ಮೈಗ್ರೇನ್ ವಿಷಯವನ್ನು ಯಾರೂ ತಾವಾಗಿ ಹೇಳುವುದಿಲ್ಲ. ‘ತಲೆನೋವಿಗೆ ಮುಂಚೆ ಕಣ್ಣಿಗೆ ಮಿಂಚು, ಅಂಕುಡೊಂಕು ಗೆರೆ ಕಾಣುತ್ತದಾ ಅಮ್ಮಾ?’ ಎಂದು ಬಿಡಿಸಿ ಕೇಳಬೇಕು. ಹೌದೆಂದರೆ ಈ ಮಾತ್ರೆ ಇಲ್ಲ. ಕ್ಷಯಕ್ಕೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಮಾತ್ರೆಯ ಬಲ ಕುಗ್ಗುತ್ತದೆ.

ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಪರೀಕ್ಷೆ ಶುರುವಿಗೆ ಮುಂಚೆಯೇ ಆಗಬೇಕು. ಮಾತ್ರೆ ನುಂಗುತ್ತಿರುವಾಗ ಮಾಡಿಸಿದರೆ ರಿಪೋರ್ಟ್ ಸುಳ್ಳು ಸಮಾಧಾನ ಕೊಡುತ್ತದೆ. ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್), 75 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ. ತಿಂಗಳುಗಟ್ಟಲೆ ಮುಟ್ಟಾಗದವರಿಗೆ ಗರ್ಭ ಪರೀಕ್ಷೆ ಮಾಡಿ, ಇಲ್ಲವೆಂದಾದರೆ ಮುಟ್ಟು ಬರಿಸುವ ಮೆಡ್ರಾಕ್ಸಿಪ್ರೊಜೆಸ್ಟೆರಾನ್ 10 ಮಿಲಿಗ್ರಾಂ ಹತ್ತು ದಿನ ಕೊಡುತ್ತೇನೆ. ಅದು ಮುಗಿದು ಮುಟ್ಟಾದ ಮೊದಲ ದಿನವೇ ಸ್ಟ್ರಿಪ್ ಶುರು.

ಮಾತ್ರೆಯಲ್ಲಿನ ಈಸ್ಟ್ರೋಜೆನ್, ಅಂದರೆ ಎಥಿನೈಲ್ ಎಸ್ಟ್ರಾಡಿಯೋಲ್, 20 ಅಥವಾ 30 ಮೈಕ್ರೋಗ್ರಾಂ ಸಾಕು. ಅಂಡಾಶಯದಿಂದ ಗಂಡು ಹಾರ್ಮೋನ್ ಬರುವುದು ಇಳಿಯುತ್ತದೆ, ರಕ್ತದಲ್ಲಿ ಓಡಾಡುವುದನ್ನು ಹಿಡಿದಿಡುವ ಪ್ರೋಟೀನನ್ನು ಲಿವರ್ ಹೆಚ್ಚಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲೂ 30 ಮೈಕ್ರೋಗ್ರಾಂ ಇದೆ. ಅದನ್ನು ಕೀಳಾಗಿ ಕಾಣುವ ಕಾರಣವಿಲ್ಲ. ಗಂಡು ಹಾರ್ಮೋನ್ ತಡೆಯುವ ಸೈಪ್ರೊಟೆರೋನ್ ಜೊತೆಗಿರುವ 35 ಮೈಕ್ರೋಗ್ರಾಂನದ್ದು ಮೊದಲ ಆಯ್ಕೆಯಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿ ಜಾಸ್ತಿ. ವಾರಕ್ಕೊಂದೆರಡು ನುಂಗುವ ಛಾಯಾ ಬೇರೆಯದೇ ಮಾತ್ರೆ. ಅದು ಮುಟ್ಟನ್ನು ಇನ್ನೂ ಮುಂದೂಡುತ್ತದೆ, ಪಿಸಿಒಡಿ ಇದ್ದವರಿಗೆ ಕೊಡುವಂತಿಲ್ಲ.

ಎರಡನೇ ಸ್ಟ್ರಿಪ್‌ನಲ್ಲೇ ಬಿಟ್ಟುಬಿಡುವವರು ಬಹಳ. ನಡುನಡುವೆ ಕಲೆ ಕಾಣುವುದೇ ಕಾರಣ. ಮೂರು ತಿಂಗಳೊಳಗೆ ಬಹುತೇಕರಿಗೆ ನಿಲ್ಲುತ್ತದೆ. ವಾಕರಿಕೆಯಾದರೆ ರಾತ್ರಿ ಊಟದ ಮೇಲೆ ನುಂಗಲಿ. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ, ಒಂದೇ ದಿನ ಎರಡಾದರೂ ಸರಿ. ಎರಡೋ ಹೆಚ್ಚೋ ಮರೆತರೆ ಏಳು ದಿನ ಕಾಂಡೋಮ್ ಬೇಕು. ಅದು ಮೂರನೇ ವಾರವಾಗಿದ್ದರೆ ಬಿಡುವಿನ ವಾರ ಬಿಟ್ಟು (ಮಾಲಾ-ಎನ್‌ನಲ್ಲಿ ಕಬ್ಬಿಣದ ಏಳು ಮಾತ್ರೆ) ನೇರ ಹೊಸ ಸ್ಟ್ರಿಪ್‌ಗೆ ಹೋಗಬೇಕು. ಕಾಲು ಊದಿ ನೋವು, ಎದೆನೋವು, ಉಸಿರು ಕಟ್ಟುವುದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ.

ಮೊಡವೆ ಮೂರು ತಿಂಗಳಿಗೆ ತಗ್ಗತೊಡಗುತ್ತದೆ. ಮುಖದ ಕೂದಲಿಗೆ ಆರು ತಿಂಗಳಾದರೂ ಬೇಕು. ಆಗಲೇ ಬೆಳೆದದ್ದು ಉದುರುವುದಿಲ್ಲ, ಥ್ರೆಡಿಂಗ್, ಲೇಸರ್ ನಡೆಯುತ್ತಲೇ ಇರಲಿ. ಸಾಲದಿದ್ದರೆ ಗಂಡು ಹಾರ್ಮೋನಿನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತೇನೆ. ಗರ್ಭ ನಿಂತರೆ ಗಂಡು ಮಗುವಿಗೆ ತೊಂದರೆಯಾದೀತು, ಆದ್ದರಿಂದ ಗರ್ಭನಿರೋಧಕದ ಜೊತೆಯಲ್ಲೇ.

‘ಮುಂದೆ ಮಗುವಾಗುತ್ತದಾ ಡಾಕ್ಟ್ರೇ?’ ಎಂದು ಮದುವೆಯಾಗದ ಹುಡುಗಿಯರ ತಾಯಂದಿರು ಕೇಳುತ್ತಾರೆ. ಮಾತ್ರೆಯಿಂದ ಗರ್ಭಕೋಶ ಕೆಡುವುದಿಲ್ಲ. ಆದರೆ ಪಿಸಿಒಡಿ ವಾಸಿಯಾಗುವುದೂ ಇಲ್ಲ, ನಿಲ್ಲಿಸಿದರೆ ಮುಟ್ಟು ಮತ್ತೆ ಏರುಪೇರಾಗಬಹುದು.

ಈಸ್ಟ್ರೋಜೆನ್ ಆಗದವರಿಗೆ ಲೆವೊನಾರ್ಜೆಸ್ಟ್ರೆಲ್ 52 ಮಿಲಿಗ್ರಾಂ ಇರುವ ಐಯುಡಿ (ಗರ್ಭಕೋಶದೊಳಗೆ ಇಡುವ ಸಾಧನ) ಅಥವಾ ಮೂರು ತಿಂಗಳಿಗೊಮ್ಮೆಯಾದರೂ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಕೊಟ್ಟು ಗರ್ಭಕೋಶದ ಒಳಪದರ ದಪ್ಪಗಟ್ಟದಂತೆ ನೋಡಿಕೊಳ್ಳುತ್ತೇನೆ. ಇವೆರಡರಿಂದ ಮುಖದ ಕೂದಲು ಕಡಿಮೆಯಾಗದು. ಎರಡನೆಯದು ಗರ್ಭವನ್ನೂ ತಡೆಯದು.