ಬಾಡಿಗೆ ಕಿಲ್ಟ್, ಸ್ವಂತ ಪಿನ್ನು

ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ನಮ್ಮ ಹುಡುಗರಿಗೆ ಒಂದಲ್ಲ ಒಂದು ದಿನ ಕಿಲ್ಟ್, ಅಂದರೆ ಅಲ್ಲಿನ ಗಂಡಸರು ಮೊಣಕಾಲಿನವರೆಗೆ ಉಡುವ ಚೌಕಳಿ ಬಟ್ಟೆ, ಉಡುವ ಸಂದರ್ಭ ಬಂದೇ ಬರುತ್ತದೆ. ಗೆಳೆಯನ ಮದುವೆ, ಪದವಿ ಪ್ರದಾನ, ಇಲ್ಲವೇ ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ ನಡೆಯುವ ಜನವರಿ 25ರ ಬರ್ನ್ಸ್ ರಾತ್ರಿಯ ಊಟ. ಒಂದು ಪೂರ್ತಿ ಕಿಲ್ಟ್‌ಗೆ ಸುಮಾರು ಎಂಟು ಗಜ ಉಣ್ಣೆ ಬಟ್ಟೆ ಬೇಕು. ಹೊಲಿಸಿದರೆ ಖರ್ಚು ಜಾಸ್ತಿ. ಹಾಗಾಗಿ ಹೆಚ್ಚಿನವರು ಬಾಡಿಗೆಗೆ ತರುತ್ತಾರೆ. ಕೋಟೂ ಬಾಡಿಗೆ, ಸೊಂಟದ ಮುಂದೆ ತೂಗುವ ಸ್ಪೋರನ್ ಚೀಲವೂ ಬಾಡಿಗೆ. ಟಾರ್ಟನ್ ಅನ್ನುವ ಆ ಬಟ್ಟೆಯ ಚೌಕಳಿ ಯಾವುದೋ ಮನೆತನದ್ದು. ಇಷ್ಟರ ನಡುವೆ ನಿಮ್ಮದು ಅಂತ ಹೇಳಿಕೊಳ್ಳಲು ಒಂದು ಪುಟ್ಟ ಜಾಗ ಉಳಿದಿರುತ್ತದೆ. ಬಲಗಡೆ, ಮೊಣಕಾಲಿನ ಸ್ವಲ್ಪ ಮೇಲೆ, ಒಂದು ಪಿನ್ನು ಕೂರುವಷ್ಟು ಜಾಗ.

ಅಲ್ಲಿಗೆ ಅಂಗಡಿಯವರು ಕೊಟ್ಟ ಪಿನ್ನನ್ನೇ ಸುಮ್ನೆ ಸಿಕ್ಕಿಸಿಕೊಂಡು ಹೋಗಬೇಡಿ. ಒಂದು ವಾರ ಮೊದಲೇ ಯೋಚಿಸಿ ನಿಮ್ಮದೇ ಒಂದನ್ನು ಹುಡುಕಿ.

ಮೊದಲು ಪಿನ್ನಿನ ಕೆಲಸ ತಿಳಿಯಿರಿ

ಕಿಲ್ಟ್ ನಮ್ಮ ಪಂಚೆಯ ಹಾಗೆ ಸುತ್ತಿ ಉಡುವ ಬಟ್ಟೆ. ಹಿಂದೆ ಹೊಲಿದ ನೆರಿಗೆ. ಮುಂದೆ ಒಂದರ ಮೇಲೊಂದು ಬರುವ ಎರಡು ಸಪಾಟು ಪದರ. ಮೇಲಿನ ಪದರದ ತುದಿ ಉಟ್ಟವರ ಬಲಗಡೆಗೆ ಬರುತ್ತದೆ. ಆ ಅಂಚಿನಲ್ಲಿ ಕುಚ್ಚಿನ ಹಾಗೆ ಎಳೆ ಬಿಟ್ಟಿರುತ್ತಾರೆ. ಕಿಲ್ಟನ್ನು ಹಿಡಿದಿಡುವುದು ಸೊಂಟದ ಹತ್ತಿರದ ಚರ್ಮದ ಪಟ್ಟಿ ಮತ್ತು ಬಕಲ್ಲುಗಳು, ಪಿನ್ನಲ್ಲ. ಗಾಳಿಗೆ ಮೇಲಿನ ಪದರ ಹಾರದಂತೆ ಸ್ವಲ್ಪ ಭಾರ ಕೊಡುವುದಷ್ಟೇ ಪಿನ್ನಿನ ಕೆಲಸ. ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಯಲ್ಲಿ ಒಬ್ಬ ಸೈನಿಕನ ಕಿಲ್ಟ್ ಗಾಳಿಗೆ ಹಾರಾಡುವುದನ್ನು ಕಂಡ ವಿಕ್ಟೋರಿಯಾ ರಾಣಿ ತನ್ನ ಪಿನ್ನನ್ನೇ ತೆಗೆದು ಕೊಟ್ಟಳು ಅಂತ ಅಲ್ಲಿನವರು ಹೇಳುತ್ತಾರೆ. ಅದು ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಪಿನ್ನು ಯಾಕೆ ಬೇಕು ಅನ್ನುವುದು ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಆದ್ದರಿಂದ ಪಿನ್ನು ಮೇಲಿನ ಪದರಕ್ಕೆ ಮಾತ್ರ. ಮೊದಲ ಸಲ ನಾನು ಎರಡೂ ಪದರ ಸೇರಿಸಿ ಚುಚ್ಚಿದ್ದೆ. ಸೆರಗನ್ನು ರವಿಕೆಗೆ ಸೇರಿಸಿ ಪಿನ್ನು ಹಾಕುವುದನ್ನು ನೋಡಿ ಬೆಳೆದವನಿಗೆ ಅದೇ ಸರಿ ಅನಿಸಿತ್ತು. ಮದುವೆಯಲ್ಲಿ ಕೇಲಿ ಅನ್ನುವ ಸ್ಕಾಟ್ ಗುಂಪು ಕುಣಿತ ಶುರುವಾಗಿ ಎರಡು ಸುತ್ತು ತಿರುಗುವಷ್ಟರಲ್ಲಿ ಉಣ್ಣೆಯ ಎಳೆಗಳು ಕಿತ್ತು ಬಂದವು. ಬಟ್ಟೆ ವಾಪಸ್ ಕೊಡುವಾಗ ಬೇಜಾರಾಯಿತು. ಈ ಒಂದು ತಪ್ಪು ನೀವು ಮಾಡಬೇಡಿ.

ಬಟ್ಟೆ ಎಷ್ಟು ದಪ್ಪ ಅಂತ ನೋಡಿ

ಕಿಲ್ಟ್ ಬಟ್ಟೆಯನ್ನು ಗಜಕ್ಕೆ ಎಷ್ಟು ಔನ್ಸ್ ಅಂತ ಅಳೆಯುತ್ತಾರೆ. 16 ಔನ್ಸಿನದು ಭಾರಿ ಬಟ್ಟೆ, 13 ಔನ್ಸಿನದು ಮಧ್ಯಮ. ಇವು ದೊಡ್ಡ ಲೋಹದ ಪಿನ್ನನ್ನೂ ಹೊರುತ್ತವೆ. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಭಾರದ ಪಿನ್ನು ಹಾಕಿದರೆ ಮೂಲೆ ಜೋತು ಬೀಳುತ್ತದೆ. ಬಟ್ಟೆಯ ತುದಿಯನ್ನು ಬೆರಳುಗಳ ನಡುವೆ ಹಿಡಿದು ನೋಡಿ, ಕೈಗೇ ಗೊತ್ತಾಗುತ್ತದೆ. ಪಿನ್ನಿನ ಸೂಜಿಯೂ ಮುಖ್ಯ. ಅದು ಗಟ್ಟಿಯಾಗಿರಬೇಕು, ಆದರೆ ತೆಳ್ಳಗೆ, ತುದಿ ಚೂಪಾಗಿರಬೇಕು. ಮೊಂಡು ಸೂಜಿ ಎಳೆಗಳ ನಡುವೆ ನುಸುಳುವುದಿಲ್ಲ, ಎಳೆಯನ್ನೇ ತುಂಡು ಮಾಡುತ್ತದೆ. ರೇಷ್ಮೆ ಸೀರೆಗೆ ಪಿನ್ನು ಹಾಕಿ ಅಭ್ಯಾಸ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಈಗ ಆಕಾರ ಆರಿಸಿ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕತ್ತಿ, ಸಾರಂಗದ ತಲೆ ಮತ್ತು ಥಿಸಲ್ ಅನ್ನುವ ಮುಳ್ಳಿನ ಹೂವು. ಚೆನ್ನಾಗಿಯೇ ಇವೆ. ಆದರೆ ಹತ್ತರಲ್ಲಿ ಎಂಟು ಜನ ಅದನ್ನೇ ಹಾಕಿರುತ್ತಾರೆ. ಸ್ವಲ್ಪ ಹುಡುಕಿದರೆ ಅದೇ ನೆಲದ್ದೇ ಆದ ಅಪರೂಪದ ಗುರುತುಗಳು ಸಿಗುತ್ತವೆ.

ನನಗೆ ತುಂಬ ಇಷ್ಟವಾದದ್ದು ಲಕನ್‌ಬೂತ್. ಕಿರೀಟ ತೊಟ್ಟ ಒಂದು ಹೃದಯ, ಇಲ್ಲವೇ ಹೆಣೆದುಕೊಂಡ ಎರಡು ಹೃದಯ. ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನ ಪಕ್ಕ ಹಿಂದೆ ಬೀಗ ಹಾಕುವ ಸಣ್ಣ ಮಳಿಗೆಗಳ ಸಾಲು ಇತ್ತು. ಅಲ್ಲಿ ಅಕ್ಕಸಾಲಿಗರು ಇದನ್ನು ಮಾರುತ್ತಿದ್ದರು. ಆ ಮಳಿಗೆಗಳ ಹೆಸರೇ ಒಡವೆಗೂ ಬಂತು. ಹುಡುಗ ತಾನು ಮದುವೆಯಾಗುವ ಹುಡುಗಿಗೆ ಇದನ್ನು ಕೊಡುತ್ತಿದ್ದ. ಮುಂದೆ ಮಗು ಹುಟ್ಟಿದರೆ ಅದರ ಹೊದಿಕೆಗೆ ಇದೇ ಪಿನ್ನನ್ನು ಚುಚ್ಚುತ್ತಿದ್ದರು, ಕೆಟ್ಟ ಕಣ್ಣು ತಾಗದಿರಲಿ ಅಂತ. ನಮ್ಮ ಅಜ್ಜಿಯರು ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದುದು ನೆನಪಾಗುತ್ತದೆ. ಗೆಳೆಯನ ಮದುವೆಗೆ ಹೋಗುವವರು ಬೇರೇನೂ ಯೋಚಿಸದೆ ಇದನ್ನು ಕೊಳ್ಳಬಹುದು.

ಯೂನಿಕಾರ್ನ್, ಅಂದರೆ ಹಣೆಯಲ್ಲಿ ಒಂದೇ ಕೊಂಬಿರುವ ಕಥೆಗಳ ಕುದುರೆ, ಸ್ಕಾಟ್ಲೆಂಡಿನ ರಾಷ್ಟ್ರೀಯ ಪ್ರಾಣಿ. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ಓರ್ಕ್ನಿ ದ್ವೀಪದ ಮೇಸ್‌ಹೋ ಸಮಾಧಿ ಸುಮಾರು 5,000 ವರ್ಷ ಹಳೆಯದು. 12ನೇ ಶತಮಾನದಲ್ಲಿ ಸ್ಕ್ಯಾಂಡಿನೇವಿಯಾ ಮೂಲದ ನಾರ್ಸ್ ಜನ ಅದರೊಳಗೆ ನುಗ್ಗಿ, ಕಲ್ಲಿನ ಮೇಲೆ ಬರಹಗಳನ್ನೂ ಒಂದು ವಿಚಿತ್ರ ಪ್ರಾಣಿಯನ್ನೂ ಕೆತ್ತಿದರು. ಜನ ಅದನ್ನು ಡ್ರ್ಯಾಗನ್ ಅನ್ನುತ್ತಾರೆ. ಆ ಪ್ರಾಣಿಯ ಪಿನ್ನು ಸಿಕ್ಕರೆ ಬಿಡಬೇಡಿ. ಹೊಗೆ ಬಣ್ಣದ ಕೇರ್ನ್‌ಗಾರ್ಮ್ ಕಲ್ಲು ಕೂರಿಸಿದ್ದೂ ಸೊಗಸು.

ಹಳೆಯ ಬೆಳ್ಳಿ ಪಿನ್ನು ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ. ಮೂರು ಗೋಪುರದ ಕೋಟೆಯ ಮುದ್ರೆ ಇದ್ದರೆ ಅದರ ಬೆಳ್ಳಿಯ ಶುದ್ಧತೆಯನ್ನು ಎಡಿನ್‌ಬರೋದಲ್ಲಿ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಕೋಟೆಯ ಜೊತೆ ಥಿಸಲ್ ಹೂವಿನ ಮುದ್ರೆ ಇದ್ದರೆ 1975ಕ್ಕಿಂತ ಹಿಂದಿನದು, ಎದ್ದು ನಿಂತ ಸಿಂಹ ಇದ್ದರೆ ಆಮೇಲಿನದು. 7.78 ಗ್ರಾಂಗಿಂತ ಹಗುರಾದ ಬೆಳ್ಳಿಗೆ ಮುದ್ರೆ ಕಡ್ಡಾಯವಲ್ಲ. ಹಾಗಾಗಿ ಸಣ್ಣ ಪಿನ್ನಿನಲ್ಲಿ ಮುದ್ರೆ ಇಲ್ಲ ಅಂದಮಾತ್ರಕ್ಕೆ ನಕಲಿ ಅಂದುಕೊಳ್ಳಬೇಡಿ.

ನಮ್ಮೂರಿನದೂ ಒಪ್ಪುತ್ತದೆ

ಕಿಲ್ಟ್ ಅವರದು ಅಂದಮೇಲೆ ಪಿನ್ನೂ ಅವರದೇ ಆಗಬೇಕಾ? ಬೇಕಿಲ್ಲ. ಅಲ್ಲಿನವರೇ ಗಿಟಾರ್, ಸ್ಪ್ಯಾನರ್, ಹಳೆಯ ಬೀಗದಕೈ ಆಕಾರದ ಪಿನ್ನು ಹಾಕುತ್ತಾರೆ. ತಮ್ಮ ಕೆಲಸ, ತಮ್ಮ ಹವ್ಯಾಸ ಅದರಲ್ಲಿ ಕಾಣಲಿ ಅಂತ.

ಕೊಡಗಿನವರಾದರೆ ಪೀಚೆಕತ್ತಿಯ ಆಕಾರದ ಬ್ರೋಚ್ ಮನೆಯಲ್ಲೇ ಇರಬಹುದು. ಕಿಲ್ಟ್‌ಗೆ ಹೆಚ್ಚಾಗಿ ಹಾಕುವುದು ಕತ್ತಿಯ ಪಿನ್ನೇ ಆದ್ದರಿಂದ ಇದು ನೂರಕ್ಕೆ ನೂರು ಹೊಂದುತ್ತದೆ. ಜೊತೆಗೆ, ಸ್ಕಾಟ್ ಜನ ಕಾಲುಚೀಲದಲ್ಲಿ ಸ್ಕೀನ್ ಡೂ ಅನ್ನುವ ಸಣ್ಣ ಕತ್ತಿ ಸಿಕ್ಕಿಸಿಕೊಳ್ಳುತ್ತಾರೆ, ಕೊಡವರು ಕುಪ್ಯ ಅನ್ನುವ ನಿಲುವಂಗಿಯ ಮೇಲೆ ಸುತ್ತುವ ಚೇಲೆ ಅನ್ನುವ ನಡುಪಟ್ಟಿಯಲ್ಲಿ ಪೀಚೆಕತ್ತಿ. ಎರಡೂ ಕಡೆಯವರು ಅರ್ಧ ಗಂಟೆ ಮಾತಾಡುವಷ್ಟು ಸಂಗತಿ ಇದೆ. ಮೈಸೂರಿನ ಗಂಡಭೇರುಂಡ ಇನ್ನೊಂದು ಒಳ್ಳೆಯ ಆಯ್ಕೆ. ಎರಡು ತಲೆಯ ಆ ಹಕ್ಕಿ ಕಡು ಬಣ್ಣದ ಟಾರ್ಟನ್ ಮೇಲೆ ಎದ್ದು ಕಾಣುತ್ತದೆ.

ಬೀದರಿನ ಬಿದ್ರಿ ಬ್ರೋಚ್ ಬಗ್ಗೆ ಒಂದು ಎಚ್ಚರಿಕೆ. ಕಪ್ಪು ಲೋಹದ ಮೇಲೆ ಬೆಳ್ಳಿ ಎಳೆ ಕೂರಿಸಿದ ಆ ಕೆಲಸ ಉಣ್ಣೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಆ ಲೋಹದಲ್ಲಿ ಸತುವೇ ಹೆಚ್ಚು. ಸತು ಬೇಗ ಕರಗುತ್ತದೆ. ದೊಡ್ಡ ಸೂಜಿ ಬೇಕು ಅಂತ ಬೆಸುಗೆ ಹಾಕಿಸಲು ಹೋದರೆ ಬ್ರೋಚೇ ಹಾಳಾದೀತು. ಕರಕುಶಲ ಸಾಮಾನಿನ ಅಂಗಡಿಗಳಲ್ಲಿ ಉಂಗುರಗಳಿರುವ ದೊಡ್ಡ ಸೇಫ್ಟಿ ಪಿನ್ನು ಸಿಗುತ್ತದೆ. ಅದಕ್ಕೆ ಬಿದ್ರಿಯ ಪದಕವನ್ನು ತೂಗುಬಿಡಿ. ಹೊಳಪಿಗೆ ಅಂತ ಎಣ್ಣೆ ಸವರಿದ್ದರೆ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ. ಉಣ್ಣೆಗೆ ಎಣ್ಣೆ ಕಲೆ ಆದರೆ ಹೋಗುವುದು ಕಷ್ಟ.

ಯಾವುದನ್ನು ಹಾಕಬಾರದು

ಬಕಲ್ಲಿರುವ ಪಟ್ಟಿ ಸುತ್ತ ಇದ್ದು, ಅದರೊಳಗೆ ಒಂದು ಚಿಹ್ನೆ ಇದ್ದರೆ ಅದು ಒಂದು ಸ್ಕಾಟ್ ಮನೆತನದ, ಅಂದರೆ ಕುಲದ ಬ್ಯಾಡ್ಜು. ಒಳಗಿನ ಚಿಹ್ನೆ ಕುಲದ ಮುಖ್ಯಸ್ಥನದು. ಸುತ್ತಲಿನ ಪಟ್ಟಿ, ಹಾಕಿಕೊಂಡವರು ಆ ಕುಲಕ್ಕೆ ಸೇರಿದವರು ಅಂತ ಹೇಳುತ್ತದೆ. ಚೆಂದ ಕಂಡಿತು ಅಂತ ಕೊಂಡು ಹಾಕಿಕೊಳ್ಳುವ ವಸ್ತು ಅದಲ್ಲ. ಮದುಮಗನ ಮನೆಯವರೇ ಪ್ರೀತಿಯಿಂದ ಕೊಟ್ಟರೆ ಮಾತು ಬೇರೆ.

ಸೈನ್ಯದ ಬ್ಯಾಡ್ಜುಗಳ ವಿಷಯದಲ್ಲಿ ನಾವು ಕನ್ನಡಿಗರು ಇನ್ನೂ ಜಾಗ್ರತೆಯಾಗಿರಬೇಕು. ಹಳೆಯ ಸಾಮಾನಿನ ಅಂಗಡಿಯಲ್ಲಿ ಆನೆ ಇರುವ ಒಂದು ಟೋಪಿ ಬ್ಯಾಡ್ಜು ಸಿಗುತ್ತದೆ. ಆನೆ ನೋಡಿದ ಕೂಡಲೇ ನಮ್ಮದು ಅನಿಸುತ್ತದೆ. ಅದು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಅನ್ನುವ ಹಳೆಯ ಸ್ಕಾಟ್ ಪಡೆಯದು. ಆನೆಯ ಜೊತೆಗಿರುವ ಅಸಯೆ ಅನ್ನುವ ಹೆಸರು 1803ರಲ್ಲಿ ಮರಾಠರ ವಿರುದ್ಧ ನಡೆದ ಯುದ್ಧದ್ದು. ಈ ನಂಟು ನಮ್ಮ ಮನೆ ಬಾಗಿಲಿಗೂ ಬರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಒಬ್ಬ ಸ್ಕಾಟ್. ಟಿಪ್ಪು ಸುಲ್ತಾನ್ ಸತ್ತದ್ದು ಅಂದೇ. ಬ್ಲ್ಯಾಕ್ ವಾಚ್ ಅನ್ನುವ ಇನ್ನೊಂದು ಸ್ಕಾಟ್ ಪಡೆಯ ಯುದ್ಧಗೌರವಗಳ ಪಟ್ಟಿಯಲ್ಲಿ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಇವೆ. ಬಾಡಿಗೆ ಅಂಗಡಿಗಳಲ್ಲಿ ಅದೇ ಹೆಸರಿನ ಕಡು ಹಸಿರು-ನೀಲಿ ಟಾರ್ಟನ್ ಎಲ್ಲರಿಗೂ ಕೊಡುತ್ತಾರೆ. ಅದನ್ನು ಉಡಲು ಅಡ್ಡಿಯಿಲ್ಲ. ಆದರೆ ಸೈನ್ಯದ ಬ್ಯಾಡ್ಜು ಅಲ್ಲಿ ಸೇವೆ ಮಾಡಿದವರದು, ಅವರ ಮನೆಯವರದು. ಆನೆಯೇ ಬೇಕಿದ್ದರೆ ನಮ್ಮ ದಸರಾ ಆನೆಯ ಪಿನ್ನು ಮಾಡಿಸಿಕೊಳ್ಳಿ.

ಇನ್ನು, ಹಿಂದೆ ಚಿಟ್ಟೆ ರೆಕ್ಕೆಯಂಥ ಒತ್ತುಗುಂಡಿ ಇರುವ ಸಣ್ಣ ಬ್ಯಾಡ್ಜುಗಳು ಕಿಲ್ಟ್‌ಗೆ ಆಗಿಬರುವುದಿಲ್ಲ. ಕುಣಿಯುವಾಗ ಗುಂಡಿ ಜಾರುತ್ತದೆ, ಮೊನೆ ಒಳಗಿನ ಪದರವನ್ನು ಗೀರುತ್ತದೆ. ಅವನ್ನು ಕೋಟಿನ ಕಾಲರಿಗೆ ಹಾಕಿ. ಯುದ್ಧದಲ್ಲಿ ಮಡಿದವರ ನೆನಪಿಗೆ ನವೆಂಬರಿನಲ್ಲಿ ಹಲವರು ಧರಿಸುವ ಕೆಂಪು ಪಾಪಿ ಹೂವೂ ಕೋಟಿಗೇ.

ಚುಚ್ಚುವ ಕ್ರಮ

ಕಿಲ್ಟ್ ಉಟ್ಟು, ಪಟ್ಟಿಗಳನ್ನು ಬಿಗಿದು, ಸ್ಪೋರನ್ ಕಟ್ಟಿಕೊಂಡ ಮೇಲೆ ಕನ್ನಡಿ ಮುಂದೆ ನೆಟ್ಟಗೆ ನಿಲ್ಲಿ. ಪಿನ್ನು ಕೊನೆಗೆ. ಬಲ ಅಂಚಿನಿಂದ ಸುಮಾರು 2 ಇಂಚು ಒಳಗೆ, ಕೆಳ ಅಂಚಿನಿಂದ ಸುಮಾರು 4 ಇಂಚು ಮೇಲೆ ಜಾಗ ಗುರುತಿಸಿ. ಎಡಗೈಯನ್ನು ಎರಡು ಪದರಗಳ ನಡುವೆ ಇಟ್ಟುಕೊಂಡರೆ ಸೂಜಿ ಒಳಪದರಕ್ಕೆ ಹೋಗುವುದಿಲ್ಲ. ಪಿನ್ನು ಉದ್ದಕ್ಕೆ, ಅಂಚಿಗೆ ಸಮನಾಗಿ ನಿಲ್ಲಲಿ. ಒಮ್ಮೆ ಕೂತು, ಎದ್ದು, ನಾಲ್ಕು ಹೆಜ್ಜೆ ನಡೆದು ನೋಡಿ. ಎಳೆಯುತ್ತಿದ್ದರೆ ಒಳಪದರವೂ ಸೇರಿಕೊಂಡಿದೆ ಅಂತ ಅರ್ಥ.

ರಾತ್ರಿ ವಾಪಸ್ ಬಂದ ಮೇಲೆ ಮೊದಲು ಪಿನ್ನು ತೆಗೆಯಿರಿ. ಹಾಗೇ ಬಿಟ್ಟು ಕಿಲ್ಟನ್ನು ನೇತುಹಾಕಿದರೆ ತೂತು ದೊಡ್ಡದಾಗುತ್ತದೆ. ತೂತಿದ್ದ ಕಡೆ ಉಗುರಿನಿಂದ ಮೆಲ್ಲಗೆ ಉಜ್ಜಿದರೆ ಉಣ್ಣೆಯ ಎಳೆಗಳು ಮತ್ತೆ ಹತ್ತಿರ ಬರುತ್ತವೆ. ಬಾಡಿಗೆ ಬಟ್ಟೆಯ ಚೀಲ ಕಟ್ಟುವ ಮುಂಚೆ ಅಂಗಡಿಯವರ ಪಿನ್ನು ಅದರಲ್ಲಿದೆಯಾ, ನಿಮ್ಮ ಪಿನ್ನು ನಿಮ್ಮ ಕೈಯಲ್ಲಿದೆಯಾ ಅಂತ ಎರಡು ಸಲ ನೋಡಿಕೊಳ್ಳಿ.